ಸೋಲಿಗಾಗಿ ಬೇಡಿದ ಪ್ರಾರ್ಥನೆ

ಹತ್ತು ವರ್ಷಗಳ ಅವಮಾನವನ್ನುಂಡ ಮೇಲೆ ಮಾರ್ಲೋ ಹಾರ್ಬರ್ ಊರಿನ ಬೇಸ್‌ಬಾಲ್ ತಂಡ ಗೆದ್ದಿತು. ಆಟಗಾರರು ತೆರೆದ ವಾಹನಗಳಲ್ಲಿ ಮೆರವಣಿಗೆ ಹೊರಟ ದಿನ ಸರೋವರದ ದಡದ ಆ ಊರಿಗೆ ಊರೇ ಬೀದಿಗಿಳಿಯಿತು. ಎಲ್ಲರ ಬಾಯಲ್ಲೂ ಒಂದೇ ಹೆಸರು, ಟೆಕ್ಸಾಸಿನಿಂದ ಬಂದ ಆ ಎಡಗೈ ಪಿಚರ್‌ನದು. ಅವನು ಎಸೆದ ಚೆಂಡು ಕಣ್ಣಿಗೆ ಬೀಳುವ ಮೊದಲೇ ಕ್ಯಾಚರ್‌ನ ಕೈಯಲ್ಲಿರುತ್ತಿತ್ತು. ಆ ಹುಡುಗ ತಮ್ಮ ಊರಿಗೆ ದಕ್ಕಿದ್ದು ಹೇಗೆಂಬುದನ್ನು ಸಂಭ್ರಮದಲ್ಲಿ ಯಾರೂ ನೆನೆಯಲಿಲ್ಲ. ವರ್ನೀಸ್ ಬರ್ಡ್‌ಸಾಂಗ್ ನೆನೆದಳು. ಅದಕ್ಕೆ ಮೂರು ವರ್ಷ ಮೊದಲಿನ ಒಂದು ಭಾನುವಾರವನ್ನು ಆಕೆ ಬದುಕಿರುವವರೆಗೂ ಮರೆಯುವಂತಿರಲಿಲ್ಲ.

ವರ್ನೀಸ್ ಎರಡು ಕಡೆಗಳಲ್ಲಿ ಒಂದೇ ಸೇವೆಯನ್ನು ಮಾಡುತ್ತಿದ್ದ ಹೆಂಗಸು. ಭಾನುವಾರ ಬೆಳಿಗ್ಗೆ ನ್ಯೂ ಹೆಬ್ರೋನ್ ಬ್ಯಾಪ್ಟಿಸ್ಟ್ ಸಭೆಯ ಬಾಗಿಲಲ್ಲಿ, ಬಿಳಿಯ ಉಡುಪು, ಬಿಳಿಯ ಕೈಗವಸು ತೊಟ್ಟು, ಎಡಗೈಯನ್ನು ಬೆನ್ನಿಗೆ ಮಡಚಿ ನಿಂತು, ಬಂದವರನ್ನು ಅವರವರ ಬೆಂಚಿಗೆ ಕರೆದೊಯ್ಯುತ್ತಿದ್ದಳು. ಬೇಸಿಗೆಯಲ್ಲಿ ಆಟವಿದ್ದ ದಿನಗಳಲ್ಲಿ ಕ್ರೀಡಾಂಗಣದ ಮೂರನೆಯ ಬೇಸ್‌ನ ಹಿಂದಿನ ಮೆಟ್ಟಿಲುಗಳ ಮೇಲೆ, ಕೈಗೆ ಉಣ್ಣೆಯ ದಪ್ಪ ಗವಸು ಏರಿಸಿಕೊಂಡು, ಕುರ್ಚಿಗಳ ಮೇಲಿನ ತೇವವನ್ನೂ ಕಡಲೆಸಿಪ್ಪೆಯನ್ನೂ ಒರೆಸಿ, ಜನರನ್ನು ಕೂರಿಸುತ್ತಿದ್ದಳು. ದೇವಾಲಯದಲ್ಲಿ ಆಕೆಗೊಂದು ಪದ್ಧತಿಯಿತ್ತು. ಸಭೆಯಲ್ಲಿ ಇಬ್ಬರು ಜಗಳವಾಡಿ ಮುಖ ತಿರುಗಿಸಿಕೊಂಡಿದ್ದಾರೆಂದು ತಿಳಿದರೆ, ಅವರಿಬ್ಬರನ್ನೂ ಒಂದೇ ಬೆಂಚಿನಲ್ಲಿ, ಮೊಣಕೈಗೆ ಮೊಣಕೈ ತಗಲುವಂತೆ ಕೂರಿಸಿಬಿಡುವಳು. ಸಭಾಪಾಲಕರು ಉಪದೇಶದಿಂದ ಮಾಡಲಾಗದ್ದನ್ನು ಆಕೆ ಈ ಒಂದು ಉಪಾಯದಿಂದ ಎಷ್ಟೋ ಬಾರಿ ಸಾಧಿಸಿದ್ದುಂಟು.

ಕ್ರೀಡಾಂಗಣದಲ್ಲಿ ನಿಯಮ ಬಿಗಿಯಾಗಿತ್ತು. ಆಟ ನಡೆಯುವಾಗ ಜನರ ಕಡೆ ಮುಖ ಮಾಡಿ ನಿಲ್ಲಬೇಕು. ಕೂಗುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ. ಹೀಗಾಗಿ ವರ್ನೀಸ್ ತನ್ನ ಪ್ರೀತಿಯ ಸ್ಟೋಕರ್ಸ್ ತಂಡದ ಆಟವನ್ನು ನೋಡಿದ್ದೆಲ್ಲ ಜನರ ಮುಖಗಳ ಮೇಲೆಯೇ. ಚೆಂಡು ಎತ್ತರಕ್ಕೆ ಹಾರಿದರೆ ಗದ್ದಗಳು ಮೇಲೇಳುವುವು. ಹಿಡಿದರೆ ಭುಜಗಳು ಕುಸಿಯುವುವು. ಬೆನ್ನ ಹಿಂದೆ ನಡೆದದ್ದನ್ನು ಆಕೆ ಎದುರಿನವರ ಕಣ್ಣಲ್ಲಿ ಓದುತ್ತಿದ್ದಳು.

ಓದಿದ್ದು ಬಹುಮಟ್ಟಿಗೆ ದುಃಖವೇ. ತಂಡದ ಹಳೆಯ ಯಜಮಾನ ತೀರಿಕೊಂಡಾಗ ವಾರಸುದಾರರು ಮೊದಲು ಒಳ್ಳೆಯ ಹೊಡೆತಗಾರರನ್ನು ಬೇರೆ ಊರುಗಳಿಗೆ ಬಿಟ್ಟುಕೊಟ್ಟರು, ಆಮೇಲೆ ಪಿಚರ್‌ಗಳನ್ನು. ಅವರ ಹಿಂದೆ ಜನವೂ ಹೋಯಿತು. ಉಳಿದವರು ನಾಚಿಕೆಯನ್ನು ತೋರಿಸಲು, ಆ ಕಡೆಯ ರೂಢಿಯಂತೆ, ದಿನಸಿಯ ಕಂದು ಕಾಗದದ ಚೀಲಕ್ಕೆ ಕಣ್ಣಿನ ತೂತು ಕೊರೆದು ತಲೆಗೆ ಹಾಕಿಕೊಂಡು ಕೂರತೊಡಗಿದರು. ಐದನೆಯ ವರ್ಷ ಬಂದ ಹೊಸ ವ್ಯವಸ್ಥಾಪಕ, ಹಳೆಯ ಮನೆಯನ್ನು ತೇಪೆ ಹಾಕಿ ಉಳಿಸಲಾಗದು, ತಳಪಾಯದವರೆಗೆ ಕೆಡವಿ ಕಟ್ಟೋಣ ಎಂದ. ಕೆಡವುವುದೇನೋ ಚೆನ್ನಾಗಿಯೇ ನಡೆಯಿತು.

ಏಳನೆಯ ವರ್ಷದ ಕೊನೆಗೆ ಬಂದಾಗ ಆಶೆಯೊಂದು ಹುಟ್ಟಿತು, ಅದೂ ತಲೆಕೆಳಗಾಗಿ. ಎಲ್ಲಕ್ಕಿಂತ ಕೆಳಗೆ ಬಿದ್ದ ತಂಡಕ್ಕೇ ಮುಂದಿನ ವರ್ಷದ ಹೊಸ ಆಟಗಾರರಲ್ಲಿ ಮೊದಲನೆಯವನನ್ನು ಆರಿಸಿಕೊಳ್ಳುವ ಹಕ್ಕು ಸಿಗುವುದು ಅಲ್ಲಿಯ ಕಟ್ಟಳೆ. ಆ ವರ್ಷದ ಮೊದಲನೆಯವನೆಂದರೆ ಟೆಕ್ಸಾಸಿನ ಎಡಗೈ ಹುಡುಗನೇ. ತಳದಲ್ಲಿ ಎರಡು ತಂಡಗಳು ಸಮನಾಗಿದ್ದವು. ಇನ್ನೊಂದರ ಆಟಗಳು ಶನಿವಾರಕ್ಕೇ ಮುಗಿಯಲಿದ್ದವು. ಸ್ಟೋಕರ್ಸ್ ತಮ್ಮ ಕೊನೆಯ ಆಟವನ್ನು ಭಾನುವಾರ ಸೋತರೆ ಹುಡುಗ ನಮ್ಮವನು, ಗೆದ್ದರೆ ಅವರವನು. ಬಾರುಗಳಲ್ಲಿ, ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಎಲ್ಲೆಲ್ಲೂ ಜನ ಸೋಲಿಗಾಗಿ ಹಾತೊರೆದರು.

ಹಾತೊರೆದವರ ಮುಂದಾಳು ಕ್ಯಾಝಿಮಿರ್ ವೋಯ್ಟಾಸ್. ಉಕ್ಕಿನ ಕುಲುಮೆಯಲ್ಲಿ ದುಡಿದು ನಿವೃತ್ತನಾದ ಪೋಲಿಷ್ ಮನುಷ್ಯ. ವರ್ನೀಸಳ ಗಂಡ ರಾಸ್ಕೋ ಬದುಕಿದ್ದಾಗ ಇಬ್ಬರೂ ಒಂದೇ ಪಾಳಿಯವರು. ವರ್ನೀಸಳ ಸಾಲಿನಲ್ಲಿ ಅವನ ಕುರ್ಚಿ ಎಂದಿಗೂ ಖಾಲಿಯಿರುತ್ತಿರಲಿಲ್ಲ, ಅವನ ಬಾಯಿಗೂ ಬಿಡುವಿರಲಿಲ್ಲ.

"ಮಿಸ್ ವರ್ನೀಸ್, ಒರೆಸಿ ಒರೆಸಿ ಕುರ್ಚಿ ಬಣ್ಣಾನೇ ಹೋಯ್ತು. ಕೂರೋರೇ ದಿಕ್ಕಿಲ್ಲ, ಯಾರಿಗೋಸ್ಕರ ಈ ಸೇವೆ?" ಎಂದು ಅವನು ಕೆಣಕುವನು.

"ನಿಮಗೇ ಕ್ಯಾಝ್. ನೀವು ಪ್ಯಾಂಟಿಗೆ ಸಾಸಿವೆ ಗೊಜ್ಜು ಮೆತ್ಕೊಂಡು ಮನೆಗ್ ಹೋದ್ರೆ ನಿಮ್ಮ ಹೆಂಡ್ತಿ ಬೈಯೋದು ನನ್ನ" ಎನ್ನುವಳು ಆಕೆ.

ಅವನ ಹುರುಪು ಆಕೆಗೂ ಅಂಟಿತು. ಮನುಷ್ಯನ ಭಕ್ತಿ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದರ ಬೆರಳು ಒಮ್ಮೊಮ್ಮೆ ತಕ್ಕಡಿಯ ತಟ್ಟೆಯನ್ನು ತಾಕಿಬಿಡುತ್ತದೆ. ಬುಧವಾರ ಸಂಜೆಯ ಪ್ರಾರ್ಥನಾ ಕೂಟದಲ್ಲಿ ಕಾಯಿಲೆಯವರಿಗಾಗಿ, ಕೆಲಸ ಕಳೆದುಕೊಂಡವರಿಗಾಗಿ ಬೇಡಿಕೆಗಳು ಮುಗಿದ ಮೇಲೆ ವರ್ನೀಸ್ ಕೈಯೆತ್ತಿ ಎದ್ದಳು. ಭಾನುವಾರ ಸ್ಟೋಕರ್ಸ್ ಸೋಲಲಿ, ಇಷ್ಟು ವರ್ಷ ನೊಂದ ಊರಿಗೆ ದೇವರು ಒಂದು ಹೊಸ ಆರಂಭವನ್ನು ದಯಪಾಲಿಸಲಿ ಎಂದು ಎಲ್ಲರೂ ಸೇರಿ ಬೇಡೋಣ ಎಂದಳು.

ಸಭೆಯ ಹಿರಿಯ ತಾಯಿ ಲವಿನಿಯಾ ಕೋಲೂರಿಕೊಂಡು ಮುಂದಿನ ಸಾಲಿನಲ್ಲಿದ್ದವರು ತಿರುಗಿಯೂ ನೋಡದೆ ಕೇಳಿದರು: "ಸೋಲೋಕ್ಕೂ ದೇವರ ಸಹಾಯ ಬೇಕಾ ಮಗಳೇ? ಏಳು ವರ್ಷದಿಂದ ಅದನ್ನ ಅವರು ಸ್ವಂತ ಶಕ್ತಿಯಿಂದ್ಲೇ ಮಾಡ್ಕೊಂಡ್ ಬಂದಿದಾರಲ್ಲ."

ಕೂಟವೆಲ್ಲ ನಕ್ಕಿತು, ನಗುತ್ತಲೇ ತಲೆಬಾಗಿ ಆ ಬೇಡಿಕೆಯನ್ನೂ ಬೇಡಿತು. ಎಲ್ಲರಿಗಿಂತ ಗಟ್ಟಿಯಾಗಿ 'ಆಮೆನ್' ಎಂದವಳು ವರ್ನೀಸ್.

ಶನಿವಾರ ಆಟಕ್ಕೆ ಮೊದಲು, ಆಕೆ ಕುರ್ಚಿ ಒರೆಸುತ್ತಿದ್ದಾಗ, ತೆಯೊಡೋರೊ ಮಲಾವೆ ಮೈದಾನದ ಅಂಚಿನ ಕಂಬಿಯ ಬಳಿಗೆ ಬಂದು ಕೂಗಿದ. ತೆಯೋ ತಂಡದ ಕ್ಯಾಚರ್; ಪೋರ್ಟೊರಿಕೊ ದ್ವೀಪದವನು. ತಂಡ ಚೆನ್ನಾಗಿದ್ದ ಕೊನೆಯ ವರ್ಷದಲ್ಲಿ ಬಂದವನು, ಎಲ್ಲರೂ ಹೊರಟುಹೋದ ಮೇಲೂ ಉಳಿದವನು. ಅವನನ್ನು ಯಾರೂ ಕರೆಯದಿದ್ದುದರಿಂದ ಉಳಿದನೆಂದು ಕ್ಯಾಝ್ ಹೇಳುತ್ತಿದ್ದ; ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಅವನು ದೊಡ್ಡ ಆಟಗಾರನೇನಲ್ಲ. ವರ್ಷಗಟ್ಟಲೆ ಪಿಚರ್‌ನೆದುರು ಕುಕ್ಕರುಗಾಲಿನಲ್ಲಿ ಕುಳಿತು ಮೊಣಕಾಲುಗಳು ಸವೆದಿದ್ದವು. ಮೆಟ್ಟಿಲಿಳಿಯುವಾಗ ಮುದುಕನಂತೆ ಪಕ್ಕಕ್ಕೆ ತಿರುಗಿ ಇಳಿಯುತ್ತಿದ್ದ. ಆದರೆ ರಾಸ್ಕೋ ತೀರಿಕೊಂಡಾಗ ಇಡೀ ತಂಡದಿಂದ ಬಂದವನು ಅವನೊಬ್ಬನೇ. ಸಮಾಧಿಯಾದ ಮೇಲೆ ದೇವಾಲಯದ ನೆಲಮಾಳಿಗೆಯಲ್ಲಿ ಎಲ್ಲರೊಂದಿಗೆ ಕುಳಿತು ಕೋಳಿಯನ್ನೂ ಸೊಪ್ಪನ್ನೂ ಉಂಡು, ಯಾರೂ ಹೇಳದೆಯೇ ಮಡಚುವ ಕುರ್ಚಿಗಳನ್ನೆಲ್ಲ ಗೋಡೆಗೆ ಜೋಡಿಸಿಟ್ಟು ಹೋಗಿದ್ದ.

ನಾಳೆ ತನ್ನ ಕೊನೆಯ ಆಟ ಎಂದ ತೆಯೋ. ಮೊಣಕಾಲು ಇನ್ನು ತಡೆಯದು. ಪತ್ರಿಕೆಯವರಿಗೆ ಹೇಳಿಲ್ಲ, ಅಮ್ಮನಿಗೆ ಮಾತ್ರ ಹೇಳಿದ್ದೇನೆ, ಅವಳು ಬರುತ್ತಿದ್ದಾಳೆ. ಮೇಲಿನ ಗಾಜಿನ ಕೋಣೆಯಲ್ಲಿ ಆಟಗಾರರ ಮನೆಯವರಿಗೆ ಜಾಗವುಂಟು, ಆದರೆ ಅಲ್ಲಿ ಜನರ ಸದ್ದು ಕೇಳಿಸದು. ಮಗನಿಗಾಗಿ ಜನ ಕೂಗುವುದನ್ನು ಅಮ್ಮ ಒಮ್ಮೆಯಾದರೂ ಕಿವಿಯಾರೆ ಕೇಳಬೇಕೆಂದಿದ್ದಾಳೆ.

"ನಿಮ್ಮ ಸಾಲಲ್ಲಿ ಕೂರಿಸಿ, ಮಿಸ್ ವರ್ನೀಸ್. ನಿಮ್ಮ ಕೈಲಿದ್ರೆ ನಂಗೆ ಯೋಚನೆ ಇಲ್ಲ" ಎಂದು ಹೇಳಿ ಅವನು ಕುಂಟುತ್ತ ಹೊರಟುಹೋದ.

ವರ್ನೀಸ್ ಅಲ್ಲಿಯೇ ಕುಳಿತಳು. ತಂಡ ಸೋಲಲಿ ಎಂದು ಬೇಡಿದಾಗ ಆಕೆಯ ಮನಸ್ಸಿನಲ್ಲಿದ್ದದ್ದು ಅಂಕಪಟ್ಟಿ ಮಾತ್ರ. ಸೋಲುವ ಮನುಷ್ಯನಿಗೆ ಮುಖವೊಂದಿರುತ್ತದೆ, ಆ ಮುಖವನ್ನು ಹೆತ್ತವಳೊಬ್ಬಳಿರುತ್ತಾಳೆ ಎಂಬುದು ಹೊಳೆದಿರಲಿಲ್ಲ. ಈಗ ಆ ತಾಯಿ ಸಮುದ್ರ ದಾಟಿ ಬರುತ್ತಿದ್ದಾಳೆ, ಮಗನ ಸೋಲಿಗೆ ಕುಣಿಯಲು ಕಾದಿರುವ ಜನರ ನಡುವೆ ಕೂರಲು. ಅಂದು ಸಂಜೆ ತಳದ ಆ ಇನ್ನೊಂದು ತಂಡ ತನ್ನ ಕೊನೆಯ ಆಟ ಸೋತಿತು; ಎಲ್ಲವೂ ಭಾನುವಾರದ ಮೇಲೆ ನಿಂತಿತು. ಬುಧವಾರದ ಬೇಡಿಕೆಯನ್ನು ಹಿಂದಕ್ಕೆ ಕೇಳೋಣವೆಂದು ಆಕೆ ಮಂಚದ ಪಕ್ಕ ಮೊಣಕಾಲೂರಿದಳು. ಊರೆಲ್ಲ ಆಸೆಪಟ್ಟದ್ದನ್ನು ಬೇಡವೆನ್ನಲು ನಾಲಗೆ ಏಳಲಿಲ್ಲ. ಆ ತಾಯಿಯ ಕಿವಿಗೆ ಮಾತ್ರ ಅವಮಾನ ಬೀಳದಿರಲಿ ಎಂದು ಬೇಡಿ ಮಲಗಿದಳು.

ಭಾನುವಾರ ಆರಾಧನೆ ಮುಗಿದೊಡನೆ ಬಿಳಿಯ ಕೈಗವಸನ್ನು ಚೀಲಕ್ಕೆ ಹಾಕಿ, ಬಿಳಿಯ ಉಡುಪಿನಲ್ಲೇ ಬಸ್ಸು ಹಿಡಿದಳು. ಎಷ್ಟೋ ತಿಂಗಳ ಮೇಲೆ ಕ್ರೀಡಾಂಗಣ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಎತ್ತ ನೋಡಿದರೂ ಕಾಗದದ ಚೀಲಗಳು. ಪಕ್ಕದ ಸಾಲುಗಳಲ್ಲಿ ಜನರನ್ನು ಕೂರಿಸುವ ಗ್ಲೋರಿಯಾಳಿಗೆ ವರ್ನೀಸ್ ವಿಷಯ ತಿಳಿಸಿದಾಗ ಅವಳು, ಆ ಹೆಂಗಸನ್ನು ಮೇಲೆ ಹಿಂದಿನ ಖಾಲಿ ಕುರ್ಚಿಗಳಲ್ಲಿ ಕೂರಿಸಿಬಿಡು, ಸದ್ದು ಅಷ್ಟು ಮುಟ್ಟುವುದಿಲ್ಲ ಎಂದು ಬುದ್ಧಿ ಹೇಳಿದಳು. ಒಳ್ಳೆಯ ಮಾತೇ. ಆದರೆ ಬಾಗಿಲಲ್ಲಿ ಆ ತಾಯಿಯನ್ನು ಕಂಡಾಗ ವರ್ನೀಸಳ ಕಾಲು ತನ್ನ ಹಳೆಯ ಪದ್ಧತಿಯ ಕಡೆಗೇ ನಡೆಯಿತು. ಇಲುಮಿನಾಡಾ ಎಂಬ ಆ ಪುಟ್ಟ ಮುದುಕಿ ಕರಿಯ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಬಗಲಲ್ಲಿ ಫ್ಲಾಸ್ಕು ಅವಚಿಕೊಂಡು ಬಂದಿದ್ದಳು. ವರ್ನೀಸ್ ಆಕೆಯ ಮೊಣಕೈ ಹಿಡಿದು ಮೆಟ್ಟಿಲಿಳಿಸಿ, ಕುರ್ಚಿಯೊಂದನ್ನು ಎರಡೆರಡು ಬಾರಿ ಒರೆಸಿ, ಕ್ಯಾಝ್ ವೋಯ್ಟಾಸನ ಪಕ್ಕದಲ್ಲಿಯೇ ಕೂರಿಸಿದಳು.

ಕ್ಯಾಝ್ ತಲೆಗೆ ಚೀಲ ಹಾಕಿಕೊಂಡು, 'ಸೋತು ಗೆಲ್ಲಿ' ಎಂದು ಬರೆದ ಹಲಗೆಯನ್ನು ಮಡಿಲಲ್ಲಿಟ್ಟುಕೊಂಡಿದ್ದ. ಮುದುಕಿ ಅವನನ್ನು ಬಹಳ ಹೊತ್ತು ನೋಡಿದಳು. ಆಕೆಗೆ ಬರುತ್ತಿದ್ದ ಇಂಗ್ಲಿಷು ಎಣಿಸಿ ಖರ್ಚು ಮಾಡುವಷ್ಟು.

"ತಲೆಗೆ ಶೀತವಾ, ಸೆನ್ಯೋರ್?" ಎಂದು ಕೇಳಿದಳು. "ಕಾಗದ ಚಳಿಗಾಗಲ್ಲ." ಹೀಗೆಂದು ತನ್ನ ಕೊರಳಿನ ಉಣ್ಣೆಯ ವಸ್ತ್ರವನ್ನು ಬಿಚ್ಚಿ ಅವನತ್ತ ಚಾಚಿದಳು.

ಕ್ಯಾಝ್ ಚೀಲ ತೆಗೆದ. ಕೆಂಪಾದ ಮುಖವನ್ನು ಒರೆಸಿಕೊಂಡು, ಬೇಡಮ್ಮ, ಈಗ ಸರಿಹೋಯಿತು ಎಂದ. ಆಕೆ ಫ್ಲಾಸ್ಕಿನಿಂದ ಹಾಲು ಬೆರೆತ ಕಾಫಿ ಬಗ್ಗಿಸಿ ಕೊಟ್ಟಳು. ಕೋಟಿನ ಜೇಬಿನಿಂದ ಜಪಮಾಲೆ ಹೊರಬಂದಾಗ ಕ್ಯಾಝ್ ಕೂಡ ಕತೋಲಿಕನಾದ್ದರಿಂದ ಟೋಪಿಯನ್ನು ನೇರಮಾಡಿಕೊಂಡು ಕುಳಿತ. ಸ್ಟೋಕರ್ಸ್ ಮೈದಾನಕ್ಕಿಳಿದು, ಮುಖವಾಡ ಹಿಡಿದ ಕ್ಯಾಚರ್ ಕುಂಟುತ್ತ ತನ್ನ ಜಾಗಕ್ಕೆ ನಡೆದಾಗ ಆಕೆ ಶಿಲುಬೆಯ ಗುರುತು ಹಾಕಿಕೊಂಡು, "ನನ್ನ ಮಗ" ಎಂದಳು.

ಕ್ಯಾಝ್ ಹಲಗೆಯನ್ನು ಮೆಲ್ಲಗೆ ಬೋರಲು ಹಾಕಿ ಕಾಲಡಿ ತಳ್ಳಿದ. ವರ್ನೀಸ್ ಆ ಕಡೆ ಬಂದಾಗ ಮುಂದಕ್ಕೆ ಬಾಗಿ ಪಿಸುಗುಟ್ಟಿದ: "ಇದು ಮೋಸ, ಮಿಸ್ ವರ್ನೀಸ್. ಅಪ್ಪಟ ಮೋಸ."

"ಕೂರಿಸೋದು ನನ್ನ ಕೆಲಸ. ಕೂರಿಸಿದೀನಿ. ಮುಂದಿಂದು ನಿಮ್ಮದು."

ಅವನು ತನ್ನದನ್ನು ಮಾಡಿದ. ಹಿಂದಿನ ಸಾಲಿಗೆ ತಿರುಗಿ ಏನೋ ಹೇಳಿದ. ಅದು ಸಾಲಿನಿಂದ ಸಾಲಿಗೆ ಹತ್ತಿತು. ಒಂದೊಂದಾಗಿ ಚೀಲಗಳು ತಲೆಯಿಂದಿಳಿದವು. ತೆಯೋ ಬ್ಯಾಟು ಹಿಡಿದು ಬಂದಾಗಲೆಲ್ಲ ಆ ಸಾಲುಗಳು ತೆಪ್ಪಗಿದ್ದವು. ಆದರೆ ವರ್ನೀಸಳ ಅಧಿಕಾರ ಆ ಸಾಲುಗಳಿಗೆ ಮಾತ್ರ. ಉಳಿದ ಕ್ರೀಡಾಂಗಣ ಎದುರಾಳಿಯ ಒಳ್ಳೆಯ ಹೊಡೆತಕ್ಕೆಲ್ಲ ಶಿಳ್ಳೆ ಹಾಕುತ್ತ, ತನ್ನವರ ತಪ್ಪಿಗೆಲ್ಲ ತೊಡೆ ತಟ್ಟುತ್ತ ಇತ್ತು. ಆ ತಾಯಿ ಕೇಳಿಸಿಕೊಳ್ಳುತ್ತಿದ್ದಾಳೆಂದು ವರ್ನೀಸ್ ಬಲ್ಲಳು. ಮುದುಕಿಯ ಬೆರಳುಗಳು ಜಪಮಣಿಗಳ ಮೇಲೆ ನಿಂತು ನಿಂತು ಸರಿಯುತ್ತಿದ್ದವು.

ಕೊನೆಯ ಸರದಿ ಬಂತು. ಸ್ಟೋಕರ್ಸ್ ಒಂದೇ ಒಂದು ಓಟ ಹಿಂದೆ. ಇಬ್ಬರು ಔಟಾಗಿದ್ದರು, ಇನ್ನೊಬ್ಬ ಔಟಾದರೆ ಆಟ ಮುಗಿದಂತೆ; ಎರಡನೆಯ ಬೇಸ್‌ನಲ್ಲಿ ಒಬ್ಬ ಓಡಲು ಕಾದಿದ್ದ. ಬ್ಯಾಟು ಹಿಡಿದು ಬಂದವನು ತೆಯೋ. ಮೇಲಿನ ಅಂತಸ್ತಿನಿಂದ "ಬಿಟ್ಬಿಡು ತೆಯೋ, ಊರಿಗೋಸ್ಕರ ಬಿಟ್ಬಿಡು" ಎಂದು ಯಾರೋ ಕೂಗಿದರು, ನಗು ಎದ್ದಿತು.

ವರ್ನೀಸ್ ಮೈದಾನಕ್ಕೆ ಬೆನ್ನು ಮಾಡಿ, ತನ್ನ ಜಾಗದಲ್ಲಿ, ಎಡಗೈಯನ್ನು ಬೆನ್ನಿಗೆ ಮಡಚಿ ನಿಂತಿದ್ದಳು. ಎದುರಿಗೆ ಆ ತಾಯಿಯ ಮುಖ. ಮೊದಲ ಎಸೆತಕ್ಕೆ ಅದು ಬಿಗಿಯಿತು; ಬೀಸಿ ತಪ್ಪಿದ್ದಾನೆ. ಎರಡನೆಯದಕ್ಕೆ ಗದ್ದ ಮೇಲಕ್ಕೇರಿ, ಪಕ್ಕಕ್ಕೆ ಹೊರಳಿ, ಮತ್ತೆ ಇಳಿಯಿತು. ಹೊಡೆದದ್ದು ಗೆರೆಯಾಚೆ ಹೋಗಿದೆ, ಅದೂ ತಪ್ಪಿದ ಲೆಕ್ಕವೇ. ಮೂರನೆಯದೂ ತಪ್ಪಿದರೆ ಮುಗಿಯಿತು. ಹೊಡೀಲಿ ಸ್ವಾಮಿ, ಆ ಟೆಕ್ಸಾಸಿನ ಹುಡುಗ ಹೋದರೆ ಹೋಗಲಿ, ಇವನು ಹೊಡೀಲಿ ಎಂದು ವರ್ನೀಸ್ ತುಟಿ ಅಲುಗಿಸದೆ ಬೇಡಿದಳು.

ತಾಯಿಯ ಕಣ್ಣು ಮುಚ್ಚಿತು. ಆಮೇಲೆ ಬಂದ ಆರ್ಭಟಕ್ಕೆ ಕಾಲ ಕೆಳಗಿನ ಕಾಂಕ್ರೀಟು ನಡುಗಿತು. ಜನ ಅಪ್ಪಿಕೊಂಡರು, ಚೀಲಗಳನ್ನು ಗಾಳಿಗೆ ತೂರಿದರು. ಏಳು ವರ್ಷಗಳಲ್ಲಿ ಆ ಕ್ರೀಡಾಂಗಣ ಅಷ್ಟು ಸಂತೋಷದಿಂದ ಕೂಗಿರಲಿಲ್ಲ. ಕ್ಯಾಝ್‌ನ ಮುಷ್ಟಿಗಳೂ ಅಭ್ಯಾಸಬಲದಿಂದ ಎದೆಯವರೆಗೆ ಎದ್ದು, ಅಲ್ಲಿಯೇ ನಿಂತುಬಿಟ್ಟವು.

ಇಲುಮಿನಾಡಾ ಕಣ್ಣು ತೆರೆದಳು. ಬೇಸ್‌ಬಾಲ್ ಆಡುವ ದ್ವೀಪದವಳು. ಆಗಿದ್ದೇನೆಂದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ.

"ತಪ್ಪಿದ ಅವನು" ಎಂದಳು ಕ್ಯಾಝ್‌ನ ತೋಳು ಹಿಡಿದು. "ಇವರು ಯಾಕೆ ಖುಷಿ?"

ಕ್ಯಾಝ್ ವರ್ನೀಸಳ ಕಡೆ ನೋಡಿದ. ನಿಜ ಹೇಳಿದರೆ ಆ ತಾಯಿ ಒಡೆದುಹೋಗುವಳು. ಸುಳ್ಳು ವರ್ನೀಸಳಿಗೆ ಬಾರದು.

"ಎಲ್ಲರೂ ಬಿಟ್ಟು ಹೋದಾಗ ಇವನೊಬ್ಬ ಇದ್ದನಲ್ಲಮ್ಮ," ಎಂದ ಕ್ಯಾಝ್. "ಅದಕ್ಕೇ ಕೂಗ್ತಾ ಇದಾರೆ. ಇವನಿಗೇ."

ಮಾತು ಅವನ ಬಾಯಿಂದ ಹೊರಟಾಗ ಸುಳ್ಳಾಗಿತ್ತು. ಅದನ್ನು ಸುಳ್ಳಾಗಿಯೇ ಉಳಿಸಲು ಅವನಿಗೆ ಮನಸ್ಸಾಗಲಿಲ್ಲ. ಭಾರವಾದ ಆ ಮನುಷ್ಯ ಕುರ್ಚಿಯ ಮೇಲೇರಿ ನಿಂತು, ಕುಲುಮೆಯ ಮೊರೆತವನ್ನು ಮೀರಿಸಿ ಕೂಗಿ ಪಳಗಿದ ಗಂಟಲಿನಿಂದ "ತೆಯೋ, ತೆಯೋ" ಎಂದು ಕರೆಯತೊಡಗಿದ. ವರ್ನೀಸ್ ತಿರುಗಿದಳು. ಮೊದಲ ಬಾರಿಗೆ ನಿಯಮ ಮುರಿದು, ಜನಕ್ಕೆ ಬೆನ್ನು ಮಾಡಿ ಮೈದಾನವನ್ನು ನೋಡಿದಳು. ತೆಯೋ ಇನ್ನೂ ಅಲ್ಲಿಯೇ ನಿಂತಿದ್ದ, ಬ್ಯಾಟನ್ನು ಕೋಲಿನಂತೆ ನೆಲಕ್ಕೂರಿ. ಚಪ್ಪಾಳೆ ಯಾವುದಕ್ಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವನ ಕೊರಳಿನ ಬಾಗಿನಲ್ಲೇ ಕಾಣುತ್ತಿತ್ತು. ಆಕೆ ಉಣ್ಣೆಯ ಗವಸನ್ನು ಕಿತ್ತೆಸೆದು ಬರಿಗೈಯಲ್ಲಿ ಚಪ್ಪಾಳೆ ತಟ್ಟಿದಳು, ಅವನ ಹೆಸರು ಕೂಗಿದಳು. ಸಾಲುಗಳು ಎದ್ದವು. ಪಕ್ಕದಿಂದ ಗ್ಲೋರಿಯಾಳ ದನಿ ಸೇರಿತು. ಇಡೀ ಕ್ರೀಡಾಂಗಣ ಎದ್ದಿತೆಂದು ಬರೆದರೆ ಸುಳ್ಳಾದೀತು. ಬಹಳ ಮಂದಿ ತಮ್ಮ ಸೋಲನ್ನು ಕೊಂಡಾಡುತ್ತಲೇ ಹೊರಟುಹೋದರು. ಆದರೆ ಮೂರನೆಯ ಬೇಸ್‌ನ ಹಿಂದಿನ ಸದ್ದು ಒಂದು ಹೆಸರಾಗಿ, ಪಕ್ಕದ ಅಂಕಣಗಳಿಗೂ ಹಬ್ಬಿ, ಅವನನ್ನು ಮುಟ್ಟಿತು. ಅವನು ತಲೆಯೆತ್ತಿ ಹುಡುಕಿದ, ಕರಿಯ ಕೋಟನ್ನು ಕಂಡ, ಶಿರಸ್ತ್ರಾಣ ತೆಗೆದು ಎದೆಗಿಟ್ಟುಕೊಂಡ.

ಜನ ಚದುರುವಾಗ, ಆಟಗಾರರು ಹೊರಬರುವ ಬಾಗಿಲಲ್ಲಿ ಕ್ಯಾಝ್ ಮತ್ತು ವರ್ನೀಸ್ ಆ ತಾಯಿಯೊಡನೆ ಕಾದರು. ತೆಯೋ ಬಂದು ಅಮ್ಮನನ್ನು ಅಪ್ಪಿಕೊಂಡ. ವರ್ನೀಸಳಿಗೆ ಇನ್ನು ತಡೆಯಲಾಗಲಿಲ್ಲ. ಬುಧವಾರ ತಾನು ಸಭೆಯಲ್ಲಿ ಎದ್ದು ಬೇಡಿದ್ದನ್ನು, ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದದ್ದನ್ನು, ಕೊನೆಯ ಗಳಿಗೆಯಲ್ಲಿ ಮಾತ್ರ ಮನಸ್ಸು ತಿರುಗಿದ್ದನ್ನು ಅವರಿಬ್ಬರ ಮುಂದೆ ಹೇಳಿಬಿಟ್ಟಳು. ತೆಯೋ ಅಮ್ಮನಿಗೆ ಅದನ್ನು ತಮ್ಮ ಭಾಷೆಯಲ್ಲಿ ತಿಳಿಸಿದ.

"ಹೊಡೀಬೇಕು ಅಂತ್ಲೇ ನಾನು ದೇವರನ್ನ ಕೇಳ್ಕೊಂಡಿದ್ದೆ, ಮಿಸ್ ವರ್ನೀಸ್," ಎಂದ ಆಮೇಲೆ. "ನಿಮ್ಮ ಸಭೆ ದೊಡ್ಡದು, ನಾನೊಬ್ಬನೇ ಆಗ್ಬಿಟ್ಟೆ."

ಅವನು ನಗಲು ನೋಡಿದ; ಅದು ಪೂರ್ತಿ ನಗುವಾಗಲಿಲ್ಲ. ವರ್ನೀಸ್ ತಲೆ ತಗ್ಗಿಸಿದಳು. ಮುದುಕಿ ಕ್ಯಾಝ್‌ನನ್ನು ತೋರಿಸಿ, "ಈ ಸೆನ್ಯೋರ್‌ಗೆ ಸುಳ್ಳು ಚೆನ್ನಾಗಿ ಬರಲ್ಲ. ಆದ್ರೆ ಬೇಗ ಸರಿ ಮಾಡಿದ" ಎಂದಳು. ಕ್ಯಾಝ್ ತನ್ನ ಬೂಟುಗಳನ್ನು ನೋಡಿಕೊಂಡ. ಬಳಿಕ ಆಕೆ ವರ್ನೀಸಳ ಗಲ್ಲ ಹಿಡಿದು ಮುಖವನ್ನು ಮೇಲೆತ್ತಿದಳು.

"ನಿನ್ನ ಮಾತು ದೇವರು ಇಷ್ಟು ಬೇಗ ಕೇಳ್ತಾನೆ. ಹಾಗಾದ್ರೆ ಈಗ ಇವನ ಮೊಣಕಾಲಿಗೋಸ್ಕರ ಕೇಳು, ಮಗಳೇ."

ವರ್ನೀಸ್ ಬುಧವಾರದವರೆಗೆ ಕಾಯಲಿಲ್ಲ. ಸರೋವರದ ತಣ್ಣನೆಯ ಗಾಳಿ ಬೀಸುತ್ತಿದ್ದ ಆ ಬಾಗಿಲಲ್ಲಿಯೇ, ಗೆದ್ದವರಂತೆ ಹಾಡುತ್ತ ಹೋಗುತ್ತಿದ್ದ ಜನರ ನಡುವೆ, ಆಕೆ ತನ್ನ ಬಿಳಿಯ ಉಡುಪು ನೆಲಕ್ಕೆ ತಾಗುವಂತೆ ಬಗ್ಗಿ, ತೆಯೊಡೋರೊ ಮಲಾವೆಯ ಎರಡು ಮೊಣಕಾಲುಗಳ ಮೇಲೂ ಕೈಯಿಟ್ಟು ಕಣ್ಣು ಮುಚ್ಚಿದಳು. ಜನ ಅವರ ಎರಡೂ ಪಕ್ಕದಿಂದ ಸರಿದುಹೋದರು.